ಲೆಕ್ಕ ಕೇಳುವ ಹರೆಯ

ನಾಡು ಕಟ್ಟುವ ಮಾತನ್ನು ನಿಮ್ಮ ಕಿವಿಗೆ ಹಾಕಿದವರು ಬಹಳ ಮಂದಿ. ಬಾವುಟ ಹಿಡಿಯಿರಿ ಎಂದವರಿದ್ದಾರೆ, ಗಿಡ ನೆಡಿ ಎಂದವರಿದ್ದಾರೆ, ರಕ್ತದಾನ ಮಾಡಿ ಎಂದವರಿದ್ದಾರೆ. ಅವೆಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಇಂದು ನಿಮ್ಮನ್ನು ಕರೆಯುತ್ತಿರುವುದು ಯಾರೂ ಕರೆಯದ ಒಂದು ಕೆಲಸಕ್ಕೆ. ಒಂದು ಲೆಕ್ಕದ ಪುಸ್ತಕ ತೆರೆಯುವುದಕ್ಕೆ. ಅದರ ಹೆಸರು ಬಜೆಟ್.

2025–26ರಲ್ಲಿ ಕರ್ನಾಟಕದ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಯಾರ ಹಣ ಇದು? ಸರ್ಕಾರದ್ದೇ? ಮಂತ್ರಿಗಳದ್ದೇ? ಸೋಪಿನಿಂದ ಸಿಮೆಂಟಿನವರೆಗೆ ಕೊಂಡ ವಸ್ತುವಿಗೆಲ್ಲ ತೆರಿಗೆ ತೆರುವ ಗಾರ್ಮೆಂಟ್ಸ್ ಹೆಣ್ಣುಮಗಳದ್ದು, ಹಗಲಿರುಳು ಲಾರಿ ಓಡಿಸುವ ಗಂಡುಮಗನದ್ದು, ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರದ್ದು, ಸಂಜೆಯವರೆಗೂ ಬೀಡಿ ಕಟ್ಟಿದವರದ್ದು, ಇವತ್ತು ತಂದ ಸಾಲವನ್ನು ನಾಳೆ ತೀರಿಸಬೇಕಾದ ನಿಮ್ಮದು. ಅದು ನಮ್ಮ ಹಣ. ಲೆಕ್ಕ ಕೇಳುವ ಹಕ್ಕು ನಮ್ಮದು. ಕೇಳುವ ಹೊಣೆಯೂ ನಮ್ಮದೇ.

ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಹಣ ಹೆಣ್ಣಿಗೂ ಗಂಡಿಗೂ ನ್ಯಾಯವಾಗಿ ತಲುಪುತ್ತಿದೆಯೇ?

ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ರೈತರನ್ನು ಒಮ್ಮೆ ಮಾತಾಡಿಸಿ. ಜಲಾಶಯ ತುಂಬಿರುತ್ತದೆ, ನಾಲೆಗೆ ನೀರು ಬಿಟ್ಟಿರುತ್ತಾರೆ, ಕಾಗದದ ಮೇಲೆ ಪ್ರತಿ ಎಕರೆಗೂ ಪಾಲಿರುತ್ತದೆ. ಆದರೂ ಮಾನ್ವಿ, ಸಿರವಾರದ ಕಡೆಯ ಹೊಲಕ್ಕೆ ನೀರು ಮುಟ್ಟಿಸಲು ಅವರು ಹೋರಾಡಬೇಕಾಗುತ್ತದೆ. ಸರ್ಕಾರದ ಯೋಜನೆಗಳಲ್ಲಿ ನಮ್ಮ ಹೆಣ್ಣುಮಕ್ಕಳು ಇದೇ ಕೊನೆಭಾಗದಲ್ಲಿ ನಿಂತಿದ್ದಾರೆ. ಪಹಣಿಯಲ್ಲಿ ಹೆಸರಿದ್ದವರಿಗೆ ಕೃಷಿ ಸಬ್ಸಿಡಿ ಎಂದರೆ, ಬಿತ್ತುವಾಗಲೂ ಕಳೆ ಕೀಳುವಾಗಲೂ ಹೊಲದಲ್ಲಿದ್ದ ಅವಳಿಗೆ ಏನು ಉಳಿಯಿತು? ಬೆಳಿಗ್ಗೆ ಹತ್ತಕ್ಕೆ ತಾಲ್ಲೂಕು ಕೇಂದ್ರದಲ್ಲಿ ತರಬೇತಿ ಎಂದರೆ, ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಅತ್ತೆಯ ಔಷಧ ಕೊಟ್ಟು ಹೊರಡುವ ಅವಳು ಅಲ್ಲಿಗೆ ಮುಟ್ಟುವುದು ಯಾವಾಗ? ಆದೇಶದಲ್ಲಿ ಭೇದವಿಲ್ಲ. ಫಲದಲ್ಲಿ ಭೇದವಿದೆ.

ಭಾರತ ಸರ್ಕಾರವೇ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯನ್ನು ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣುಮಕ್ಕಳು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅದೇ ಕೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. ನಡುವಿನ ಅಂತರ ಮೂರು ಗಂಟೆಗೂ ಹೆಚ್ಚು! ಒಂದು ದಿನದ ಮಾತಲ್ಲ ಇದು, ಒಂದು ಮನೆಯ ಮಾತೂ ಅಲ್ಲ. ದಿನ ದಿನವೂ, ಊರೂರಿನಲ್ಲೂ, ಕೋಟಿ ಕೋಟಿ ಹೆಣ್ಣುಮಕ್ಕಳ ಬದುಕಿನಿಂದ ಸೋರಿಹೋಗುವ ಹೊತ್ತು ಇದು. ಆ ಹೊತ್ತಿನಲ್ಲಿ ಎಷ್ಟು ಜನ ಓದಬಹುದಿತ್ತು? ಎಷ್ಟು ಅಂಗಡಿಗಳು ತೆರೆಯಬಹುದಿತ್ತು, ಎಷ್ಟು ಕತೆಗಳು ಹುಟ್ಟಬಹುದಿತ್ತು, ಎಷ್ಟು ಓಟಗಾರ್ತಿಯರು ಮೈದಾನಕ್ಕೆ ಇಳಿಯಬಹುದಿತ್ತು, ಎಷ್ಟು ಜನ ಬರಿದೇ ಕಾಲು ಚಾಚಿ ದಣಿವಾರಿಸಿಕೊಳ್ಳಬಹುದಿತ್ತು? ಈ ನಾಡಿನ ಅರ್ಧ ಬಲ ಇನ್ನೂ ಬಳಕೆಗೇ ಬಂದಿಲ್ಲ. ಅರ್ಧ ಬಲದಿಂದಲೇ ಇಷ್ಟು ದೂರ ಬಂದ ನಾಡು ಪೂರ್ಣ ಬಲದಿಂದ ಎಲ್ಲಿಗೆ ಮುಟ್ಟೀತು!

ಈ ಬಲವನ್ನು ಬಿಡಿಸಿ ತರುವ ದಾರಿಗಳಲ್ಲಿ ಒಂದಕ್ಕೆ ಜೆಂಡರ್ ಬಜೆಟ್ ಎಂದು ಹೆಸರು. ಹೆಸರು ಕೇಳಿ ಹೆಂಗಸರಿಗೊಂದು, ಗಂಡಸರಿಗೊಂದು ಬಜೆಟ್ ಇರಬೇಕೆಂದು ತಿಳಿಯಬೇಡಿ. ಇರುವುದು ಒಂದೇ ಬಜೆಟ್. ರಸ್ತೆಗೆ, ನೀರಿಗೆ, ಶಾಲೆಗೆ, ಆಸ್ಪತ್ರೆಗೆ, ಬಸ್ಸಿಗೆ ಎಂದು ತೆಗೆದಿಟ್ಟ ಪ್ರತಿ ರೂಪಾಯಿಯೂ ಹೆಣ್ಣಿನ ಬದುಕಿನಲ್ಲಿ ಏನು ಮಾಡುತ್ತದೆ, ಗಂಡಿನ ಬದುಕಿನಲ್ಲಿ ಏನು ಮಾಡುತ್ತದೆ ಎಂದು ಖರ್ಚಿಗೆ ಮುಂಚೆಯೂ ಖರ್ಚಿನ ನಂತರವೂ ಕೇಳುವ ಶಿಸ್ತು ಅದು. ಆಸ್ಟ್ರೇಲಿಯಾ 1984ರಲ್ಲಿ ಈ ದಾರಿಗೆ ಮೊದಲ ಹೆಜ್ಜೆ ಇಟ್ಟಿತು. ಭಾರತದ ಕೇಂದ್ರ ಬಜೆಟ್ಟಿನಲ್ಲಿ ಇಂಥ ಲೆಕ್ಕಪತ್ರ ಮೊದಲು ಕಾಣಿಸಿದ್ದು 2005–06ರಲ್ಲಿ. ಕರ್ನಾಟಕ ಬಹಳ ಕಾಲ ಕಾಯಲಿಲ್ಲ. 2007ರಲ್ಲೇ ನಮ್ಮ ಹಣಕಾಸು ಇಲಾಖೆಯಲ್ಲಿ ಇದಕ್ಕಾಗಿಯೇ ಒಂದು ಘಟಕ ಎದ್ದು ನಿಂತಿತು. ಇದಕ್ಕೆಲ್ಲ ಎಷ್ಟೋ ಮೊದಲು, ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲೇ ಹಳ್ಳಿಯ ಹೆಣ್ಣುಮಕ್ಕಳ ದಿನದ ಗಂಟೆಗಳನ್ನು ಎಣಿಸಿ, ಸರ್ಕಾರಿ ಅಂಕಿಅಂಶಗಳ ಕಣ್ಣಿಗೇ ಬೀಳದ ದುಡಿಮೆಯನ್ನು ದೇಶದ ಮುಂದಿಟ್ಟಿದ್ದರು. ಈ ವಿದ್ಯೆ ನಮಗೆ ಪರಕೀಯವಲ್ಲ. ನಮ್ಮ ಮನೆಯ ಮಗಳೇ ಅದರ ಮುಂಚೂಣಿಯಲ್ಲಿದ್ದವಳು.

ಮುಂಚೂಣಿಯಲ್ಲಿ ನಿಲ್ಲುವುದು ನಮಗೆ ಹೊಸದೇ? ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಸ್ಥಾನ ಮೀಸಲಿಟ್ಟ ಸಂವಿಧಾನದ 73ನೆಯ ತಿದ್ದುಪಡಿ ದೇಶಕ್ಕೆ ಬಂದದ್ದು 1993ರಲ್ಲಿ. ಅದಕ್ಕೂ ಮೊದಲೇ, 1983ರ ಕಾಯ್ದೆಯ ಬಲದಿಂದ, 1987ರ ಪಂಚಾಯಿತಿ ಚುನಾವಣೆಯಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತ್ತು. ಇಂದು ಅದು ಅರ್ಧಕ್ಕೆ ಏರಿದೆ. ಆ ಕಾಯ್ದೆಯ ಹಿಂದಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ಇಂದಿಗೂ ನೀರ್‌ಸಾಬ್ ಎಂದು ನೆನೆಯುತ್ತಾರೆ. ಬರ ಬಿದ್ದ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿದ ಮಂತ್ರಿ ಅವರು. ಕೊಳವೆಬಾವಿಗೆ ಇಟ್ಟ ಹಣವನ್ನು ಯಾರೂ ಮಹಿಳಾ ಕಲ್ಯಾಣ ಎಂದು ಬರೆಯಲಿಲ್ಲ. ಆದರೆ ಮೈಲಿಗಟ್ಟಲೆ ಕೊಡ ಹೊತ್ತು ನಡೆಯುವುದು ತಪ್ಪಿದ ಆ ಹೆಣ್ಣುಮಕ್ಕಳನ್ನು ಕೇಳಿದರೆ, ಅದಕ್ಕಿಂತ ದೊಡ್ಡ ಮಹಿಳಾ ಕಲ್ಯಾಣ ಇನ್ನೊಂದಿಲ್ಲ ಎಂದಾರು.

ಇಂದು ಲೆಕ್ಕ ದೊಡ್ಡದಾಗಿದೆ. ಒಂದು ಯೋಜನೆಯ ಪೂರ್ತಿ ಹಣ ಮಹಿಳೆಯರಿಗೆ ಮೀಸಲಾದರೆ ಅದು ಒಂದು ವರ್ಗ, ಶೇ 30ರಿಂದ 99ರಷ್ಟು ಅವರಿಗೆ ತಲುಪುವಂತಿದ್ದರೆ ಇನ್ನೊಂದು ವರ್ಗ. ಹೀಗೆ ವಿಂಗಡಿಸಿ ಕೂಡಿಸಿದಾಗ 2025–26ರಲ್ಲಿ ಕರ್ನಾಟಕದ ಮಹಿಳಾ ಉದ್ದೇಶಿತ ಆಯವ್ಯಯದ ಮೊತ್ತ 94,084 ಕೋಟಿ ರೂಪಾಯಿ. ಹೆಮ್ಮೆಯ ಸಂಖ್ಯೆ. ಹೆಮ್ಮೆಪಡೋಣ. ಆದರೆ ಸಂಖ್ಯೆ ನೋಡಿ ಸುಮ್ಮನಾಗುವುದು ಬೇಡ. ಶೇ 30 ಎಂದು ಬರೆದ ಮಾತ್ರಕ್ಕೆ ಶೇ 30 ತಲುಪಿತೇ? ಅಳೆದವರು ಯಾರು? ಎಲ್ಲಿ ಅಳೆದರು? ಬರೆದ ಹಣ ಬೇರೆ, ಬಿಡುಗಡೆಯಾದ ಹಣ ಬೇರೆ, ಮುಟ್ಟಿದ ಹಣವೇ ಬೇರೆ.

ಮಾತೃಪೂರ್ಣ ಯೋಜನೆ ಕಲಿಸಿದ ಪಾಠವನ್ನು ನೆನೆಯಿರಿ. ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸುವ ಈ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾಯಿತು. ಉದ್ದೇಶ ಉದಾತ್ತ, ಹಣವೂ ಇತ್ತು. ಆದರೆ ಮನೆಗೂ ಮನೆಗೂ ಗುಡ್ಡವೊಂದು ಅಡ್ಡ ಕೂತ ಮಲೆನಾಡಿನಲ್ಲಿ, ತುಂಬು ಬಸುರಿಯೊಬ್ಬಳು ಮಳೆಯಲ್ಲಿ ಹಳ್ಳ ದಾಟಿ ಊಟಕ್ಕೆ ನಡೆದು ಬರುವುದು ಹೇಗೆ? ಹಸಿ ಬಾಣಂತಿ ಕೂಸನ್ನು ಬಿಟ್ಟು ಬರುವುದು ಹೇಗೆ? ಕೂಲಿಗೆ ಹೋದವಳು ಮಧ್ಯಾಹ್ನ ಕೆಲಸ ಬಿಟ್ಟು ಬರುವುದು ಹೇಗೆ? ಊಟದ ಖರ್ಚಿನ ಜೊತೆಗೆ ಅವಳ ನಡಿಗೆಯ ಲೆಕ್ಕವನ್ನೂ ಮೊದಲೇ ಹಾಕಿದ್ದರೆ ತಟ್ಟೆ ಅವಳಿದ್ದಲ್ಲಿಗೆ ಹೋಗುತ್ತಿತ್ತು. ಒಂದು ಪ್ರಶ್ನೆ, ಮೊದಲೇ ಕೇಳಿದ ಒಂದೇ ಒಂದು ಪ್ರಶ್ನೆ, ಸಾವಿರಾರು ತಾಯಂದಿರ ರಕ್ತಕ್ಕೆ ಬಲ ತುಂಬಬಲ್ಲದು.

ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯನ್ನೇ ನೋಡಿ. 2023ರ ಜೂನ್ 11ರಂದು ಆರಂಭವಾದ ಈ ಯೋಜನೆಯಡಿ 2025ರ ಜುಲೈ ಹೊತ್ತಿಗೆ ಕೊಟ್ಟ ಉಚಿತ ಟಿಕೆಟ್‌ಗಳು 500 ಕೋಟಿ ಮುಟ್ಟಿದವು. ಕಾಲೇಜಿಗೆ ಹೊರಟವರು, ಕೆಲಸಕ್ಕೆ ಹೊರಟವರು, ತವರಿಗೆ ಹೊರಟವರು, ಧರ್ಮಸ್ಥಳಕ್ಕೆ ಹೊರಟವರು, ಎಷ್ಟು ಹೊಸಿಲುಗಳನ್ನು ಆ ಟಿಕೆಟ್ ದಾಟಿಸಿತು! ಇನ್ನು ಮುಂದಿನ ಪ್ರಶ್ನೆ ನಾವು ಕೇಳಬೇಕು. ದಿನಕ್ಕೆ ಒಂದೇ ಬಸ್ಸು ಬರುವ ಊರಿನ ಹುಡುಗಿಗೆ ಉಚಿತ ಟಿಕೆಟ್ ಎಷ್ಟು ದೂರ ಒಯ್ದೀತು? ಸಂಜೆಯ ಲ್ಯಾಬ್ ಮುಗಿಸಿ ಅವಳು ಮರಳುವಾಗ ನಿಲ್ದಾಣದಲ್ಲಿ ದೀಪವಿದೆಯೇ, ಶೌಚಾಲಯವಿದೆಯೇ? ಟಿಕೆಟ್ಟಿಗೆ ಹಣವಿಟ್ಟ ಪುಟದಲ್ಲೇ ಬಸ್ಸಿಗೂ ದೀಪಕ್ಕೂ ಹಣ ಇಡಿ ಎಂದು ಕೇಳುವವರು ನಾವಾಗಬೇಕು.

ಕೇಳಿದರೆ ಉತ್ತರ ಬರುತ್ತದೆ. 2005ರ ಉದ್ಯೋಗ ಖಾತರಿ ಕಾಯ್ದೆ ಹೆಣ್ಣಿಗೂ ಗಂಡಿಗೂ ಸಮಾನ ಕೂಲಿ ಎಂದಿತು. ಆದರೆ ಎಳೆಗೂಸನ್ನು ಎಲ್ಲಿ ಬಿಟ್ಟು ಅವಳು ಕೆಲಸಕ್ಕೆ ಬರಬೇಕು? ಈ ಪ್ರಶ್ನೆಗೆ ಉತ್ತರವಾಗಿ ಕರ್ನಾಟಕದ 2023–24ರ ಬಜೆಟ್ಟಿನಲ್ಲಿ ಕೂಲಿಕಾರ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 4,000 ‘ಕೂಸಿನ ಮನೆ’ಗಳನ್ನು ತೆರೆಯುವ ಮಾತು ಬಂತು. ನಿಮ್ಮ ಪಂಚಾಯಿತಿಯಲ್ಲಿ ಅದು ತೆರೆದಿದೆಯೇ? ತೆರೆದದ್ದು ನಡೆಯುತ್ತಿದೆಯೇ? ಮಕ್ಕಳನ್ನು ನೋಡಿಕೊಳ್ಳುವವರಿಗೆ ಸಂಬಳ ಬಂದಿದೆಯೇ? ಇದನ್ನು ತಿಳಿಯಲು ಬೆಂಗಳೂರಿಗೆ ಹೋಗಬೇಕಿಲ್ಲ. ನಿಮ್ಮೂರಿನ ಬೀದಿಯಲ್ಲಿ ನಡೆದರೆ ಸಾಕು.

ಗೆಳೆಯರೇ, ಹುಡುಗರೇ, ನಿಮ್ಮನ್ನು ಬದಿಗಿಟ್ಟು ಆಡುತ್ತಿರುವ ಮಾತಲ್ಲ ಇದು. ಹೆಣ್ಣಿಗೆ ಕೊಟ್ಟದ್ದು ಗಂಡಿನಿಂದ ಕಸಿದದ್ದು ಎಂದು ಯಾರಾದರೂ ನಿಮ್ಮ ಕಿವಿಯಲ್ಲಿ ಊದಿದರೆ ನಂಬಬೇಡಿ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಶೇ 81.11ರಷ್ಟು ಹುಡುಗಿಯರು ತೇರ್ಗಡೆಯಾದಾಗ ತೇರ್ಗಡೆಯಾದ ಹುಡುಗರು ಶೇ 65.90 ಮಾತ್ರ. ಹದಿನಾರರಲ್ಲೇ ಪುಸ್ತಕ ಕೆಳಗಿಟ್ಟು ಗಾರೆ ಕೆಲಸಕ್ಕೋ ಹೋಟೆಲಿಗೋ ಹೊರಟ ಆ ಹುಡುಗರ ಅಳಲನ್ನು ಕೇಳುವವರು ಯಾರು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ದೇಶದ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡಿತು. ಗಂಡಸರಲ್ಲೂ ಶೇ 25ರಷ್ಟು ಮಂದಿಗೆ ಕಂಡಿತು. ಹೆಣ್ಣು, ಗಂಡು ಎಂದು ಬೇರೆ ಬೇರೆ ಎಣಿಸಿದಾಗಲೇ ಈ ಎರಡೂ ನೋವು ಕಣ್ಣಿಗೆ ಬಿದ್ದದ್ದು. ಸರಾಸರಿ ಎಲ್ಲರನ್ನೂ ಮರೆಮಾಚುತ್ತದೆ. ನ್ಯಾಯದ ಲೆಕ್ಕ ಒಬ್ಬೊಬ್ಬರನ್ನೂ ಮುಂದೆ ಕರೆಯುತ್ತದೆ. ಹೆಣ್ಣು–ಗಂಡೆಂಬ ಎರಡು ಕಾಲಂಗಳಲ್ಲೂ ಜಾಗ ಸಿಗದವರನ್ನು ನೆನೆದು, ಅವರಿಗೆ ಮಾಸಾಶನ ಕೊಡುವ ಮೈತ್ರಿ ಯೋಜನೆ ತಂದ ನಾಡು ನಮ್ಮದು. ನಮ್ಮ ಲೆಕ್ಕ ಅಷ್ಟೇ ವಿಶಾಲವಾಗಿರಲಿ.

ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕತೆ ನಿಮಗೆ ಗೊತ್ತೇ ಇದೆ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದು ನಮ್ಮದಲ್ಲ, ಹಿಂದಿರುಗಿಸಿ ಬಾ ಎಂದು ಕಳಿಸಿದ ಬಡವಿ ಅವಳು. ಹನ್ನೆರಡನೆಯ ಶತಮಾನದಲ್ಲೇ ಕನ್ನಡದ ಹೆಣ್ಣೊಬ್ಬಳು ಅಳೆದಳು, ಪ್ರಶ್ನಿಸಿದಳು, ತಿದ್ದಿದಳು. ಮಾರಯ್ಯ ಸಿಟ್ಟಾಗಲಿಲ್ಲ, ಕೇಳಿಸಿಕೊಂಡು ನಡೆದ. ಲೆಕ್ಕ ಕೇಳುವ ಲಕ್ಕಮ್ಮಂದಿರೂ ಬೇಕು. ಕೇಳಿಸಿಕೊಂಡು ಜೊತೆಗೆ ನಡೆಯುವ ಮಾರಯ್ಯಂದಿರೂ ಬೇಕು. ಅವರಿಬ್ಬರೂ ನೀವೇ.

ನಿಮ್ಮ ಕೈಯಲ್ಲಿ ಏನಿದೆ ಎಂದು ಕೇಳುತ್ತೀರಾ? ನಿಮ್ಮ ಹಿರಿಯರ ಕೈಯಲ್ಲಿ ಇಲ್ಲದ್ದೆಲ್ಲ ಇದೆ. ಬಜೆಟ್ ಪುಸ್ತಕಗಳು ಹಣಕಾಸು ಇಲಾಖೆಯ ಜಾಲತಾಣದಲ್ಲಿ ನಿಮ್ಮ ಮೊಬೈಲಿಗೆ ಸಿಗುತ್ತವೆ. ಮಾಹಿತಿ ಹಕ್ಕು 2005ರಿಂದ ನಿಮ್ಮ ಜೇಬಿನಲ್ಲಿದೆ. ಹದಿನೆಂಟು ತುಂಬಿ ಮತದಾರರ ಪಟ್ಟಿಗೆ ಹೆಸರು ಸೇರಿದ ದಿನದಿಂದ ಹಳ್ಳಿಯ ನೀವು ಗ್ರಾಮಸಭೆಯ ಸದಸ್ಯರು. ಯಾರೂ ನಿಮ್ಮನ್ನು ಆಹ್ವಾನಿಸಬೇಕಿಲ್ಲ, ಯಾರೂ ನಿಮ್ಮನ್ನು ತಡೆಯುವಂತಿಲ್ಲ. ಬಿ.ಕಾಂ ಓದುತ್ತಿರುವವರೇ, ನಿಮ್ಮ ಪಂಚಾಯಿತಿಯ ಜಮಾಖರ್ಚು ಓದಿ ಊರಿಗೆ ತಿಳಿಸಿ. ಕಂಪ್ಯೂಟರ್ ಕಲಿತವರೇ, ಫಲಾನುಭವಿಗಳ ಪಟ್ಟಿಯಲ್ಲಿ ಹೆಣ್ಣೆಷ್ಟು, ಗಂಡೆಷ್ಟು ಎಂದು ಬಿಡಿಸಿ ತೋರಿಸಿ. ಕನ್ನಡ ಓದಿದವರೇ, ಆ ಒಣ ಅಂಕಿಗಳನ್ನು ಅಜ್ಜಿಗೂ ತಿಳಿಯುವ ಮಾತಿಗೆ ತನ್ನಿ. ಊರಿನಲ್ಲಿ ಮಹಿಳಾ ಗ್ರಾಮಸಭೆ ನಡೆಯದಿದ್ದರೆ ನಡೆಸಿ ಎಂದು ಪಟ್ಟು ಹಿಡಿಯಿರಿ. ನಡೆದರೆ ತಾಯಿಯನ್ನು ಅಲ್ಲಿಗೆ ಕಳಿಸಿ, ಅವಳು ಹೊರಡುವ ಹೊತ್ತಿಗೆ ಒಲೆಯ ಮುಂದೆ ನೀವು ಕೂರಿ.

ಪ್ರಶ್ನೆಗಳು ಕಷ್ಟದವಲ್ಲ. ಎಷ್ಟು ಹಣ ಇಟ್ಟಿರಿ? ಎಷ್ಟು ಖರ್ಚಾಯಿತು? ಹೆಣ್ಣಿಗೆ ಎಷ್ಟು ಮುಟ್ಟಿತು, ಗಂಡಿಗೆ ಎಷ್ಟು ಮುಟ್ಟಿತು? ಮುಟ್ಟದವರು ಯಾರು? ಮುಂದಿನ ವರ್ಷ ಅವರಿಗೆ ಮುಟ್ಟಿಸಲು ಏನು ಬದಲಾಯಿಸುತ್ತೀರಿ? ಒಬ್ಬರು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಹತ್ತು ಜನ ಕೇಳಿದರೆ ಕಡತ ತೆರೆಯುತ್ತಾರೆ. ಊರಿನ ಹರೆಯವೆಲ್ಲ ಒಟ್ಟಾಗಿ, ಪ್ರತಿ ಸಭೆಯಲ್ಲಿ, ಪ್ರತಿ ವರ್ಷ, ದಣಿಯದೆ, ಹೆದರದೆ, ಹುಡುಗ ಹುಡುಗಿ ಭೇದವಿಲ್ಲದೆ ಕೇಳುತ್ತಾ ಹೋದರೆ ಬಜೆಟ್ ಬರೆಯುವ ಕೈಯೇ ಬದಲಾಗುತ್ತದೆ.

ಈ ನಾಡು ನಮಗೆ ಅನ್ನ ಕೊಟ್ಟಿದೆ, ಅಕ್ಷರ ಕೊಟ್ಟಿದೆ, ಮಾತು ಕೊಟ್ಟಿದೆ. ಆ ಮಾತನ್ನು ಅದರ ಒಳಿತಿಗೆ ಬಳಸುವ ಹೊತ್ತು ಬಂದಿದೆ. ಮುಂದಿನ ಗ್ರಾಮಸಭೆ ಯಾವತ್ತೆಂದು ಇವತ್ತೇ ವಿಚಾರಿಸಿ. ಹೋಗಿ. ಎದ್ದು ನಿಲ್ಲಿ. ಕೇಳಿ.