ಛತ್ರದಲ್ಲಿ ಸ್ಥಳವಿಲ್ಲದ ರಾತ್ರಿ

(ಕ್ರಿಸ್ತಜಯಂತಿಯ ರಾತ್ರಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ನಮ್ಮ ಧರ್ಮಕೇಂದ್ರಗಳಲ್ಲಿ ಪ್ರತಿವರ್ಷ ಕ್ರಿಸ್ತಜಯಂತಿಯ ನಾಟಕ ನಡೆಯುತ್ತದೆ. ಮರಿಯಮ್ಮನ ಪಾತ್ರಕ್ಕೆ, ದೇವದೂತನ ಪಾತ್ರಕ್ಕೆ ಪೈಪೋಟಿ. ಛತ್ರದ ಯಜಮಾನನ ಪಾತ್ರ ಮಾತ್ರ ಯಾರಿಗೂ ಬೇಡ. ಕೊನೆಗೆ ತಡವಾಗಿ ಬಂದ ಹುಡುಗನಿಗೆ ಒಂದು ಮೀಸೆ ಅಂಟಿಸಿ ನಿಲ್ಲಿಸುತ್ತೇವೆ. "ಜಾಗ ಇಲ್ಲ, ಮುಂದೆ ಹೋಗಿ" ಎಂದು ಗದರಿಸಿ ಬಾಗಿಲು ಹಾಕಿಕೊಳ್ಳುವುದಷ್ಟೇ ಅವನ ಕೆಲಸ.

ಆದರೆ ಈಗ ತಾನೇ ನಾವು ಆಲಿಸಿದ ಶುಭಸಂದೇಶದಲ್ಲಿ ಆ ಯಜಮಾನ ಎಲ್ಲಿದ್ದಾನೆ? ಸಂತ ಲೂಕರು ಅವನ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಸ್ಥಳವಿರಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. ಗದರುವ ಯಜಮಾನನನ್ನು ಸೇರಿಸಿದವರು ನಾವು. ಒಬ್ಬ ಕೆಟ್ಟವನಿದ್ದರೆ ನಮಗೆ ಅನುಕೂಲವಲ್ಲವೇ? ತಪ್ಪೆಲ್ಲ ಅವನ ತಲೆಗೆ ಹೋಗುತ್ತದೆ.

ಈ ಮಾತು ನನ್ನ ಮನಸ್ಸಿಗೆ ನಾಟಿದ್ದು 2022ರ ಕ್ರಿಸ್ತಜಯಂತಿಯಲ್ಲಿ ಅಮೆರಿಕದ ಬಫಲೋ ನಗರದಲ್ಲಿ ನಡೆದದ್ದನ್ನು ಓದಿದಾಗ. ಹಿಮ ಎಂದರೆ ನಮಗೆ ಗೋದಲಿಯ ಮೇಲೆ ಹರಡುವ ಹತ್ತಿ. ಅಲ್ಲಿ ಅದು ಸಾವು. ನ್ಯೂಯಾರ್ಕ್ ರಾಜ್ಯದ ಈ ನಗರ ಈರಿ ಎಂಬ ದೊಡ್ಡ ಸರೋವರದ ದಡದಲ್ಲಿದೆ, ನಯಾಗರ ಜಲಪಾತಕ್ಕೆ ಹತ್ತಿರ. ಸರೋವರ ಇನ್ನೂ ಹೆಪ್ಪುಗಟ್ಟದಿರುವಾಗ ಉತ್ತರದ ಕೊರೆಯುವ ಗಾಳಿ ಅದರ ಮೇಲೆ ಬೀಸಿದರೆ, ನೀರಿನ ಆವಿಯನ್ನು ಹೊತ್ತುಕೊಂಡು ದಡದ ಊರುಗಳ ಮೇಲೆ ಹಿಮವಾಗಿ ಸುರಿಯುತ್ತದೆ. ಆ ವರ್ಷ ಡಿಸೆಂಬರ್ 23ರ ಶುಕ್ರವಾರ ಶುರುವಾದ ಬಿರುಗಾಳಿ ಹಬ್ಬದ ದಿನವೂ ಬಿಡಲಿಲ್ಲ. 4 ಅಡಿಗೂ ಹೆಚ್ಚು ಹಿಮ ಬಿತ್ತು. ಕಾರಿನಲ್ಲಿ ಕುಳಿತವನಿಗೆ ಕಾರಿನ ಮುಂಭಾಗವೇ ಕಾಣದು. ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳೇ ಹಿಮದಲ್ಲಿ ಹೂತುಹೋದವು. 40ಕ್ಕೂ ಹೆಚ್ಚು ಮಂದಿ ಸತ್ತರು; ಕೆಲವರು ತಮ್ಮ ಕಾರುಗಳಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಬಿಸಿಯಿಲ್ಲದ ತಮ್ಮ ಮನೆಗಳಲ್ಲೇ.

ಆ ಶುಕ್ರವಾರ 27 ವರ್ಷದ ಒಬ್ಬ ಮೆಕ್ಯಾನಿಕ್, ದಾರಿಯಲ್ಲಿ ಸಿಕ್ಕಿಬಿದ್ದ ಗೆಳೆಯನನ್ನು ಕರೆತರಲು ಹೊರಟು ತಾನೇ ಸಿಕ್ಕಿಬಿದ್ದ. ಹತ್ತಿರದ ಮನೆಗಳ ಬಾಗಿಲು ತಟ್ಟಿದ. 500 ಡಾಲರ್ ಕೊಡುತ್ತೇನೆ, ನೆಲದ ಮೇಲೆ ಮಲಗಲು ಬಿಡಿ ಎಂದು ಬೇಡಿದ. ಹತ್ತು ಮನೆ. ಹತ್ತೂ ಮನೆಯವರು ಆಗುವುದಿಲ್ಲ ಎಂದರು.

ಇದು ಎರಡು ಸಾವಿರ ವರ್ಷದ ಹಿಂದಿನ ಮಾತಲ್ಲ. ಆ ಮನೆಗಳಲ್ಲಿ ಕ್ರಿಸ್ತಜಯಂತಿಯ ದೀಪಗಳು ಇದ್ದಿರಬಹುದು, ಗೋದಲಿಯೂ ಇದ್ದಿರಬಹುದು. ಆ ಹತ್ತು ಮನೆಯವರು ಕೆಟ್ಟವರೇ? ನನಗೆ ಹಾಗನ್ನಿಸುವುದಿಲ್ಲ. ಒಳಗೆ ಮಕ್ಕಳಿದ್ದರು, ವಯಸ್ಸಾದವರಿದ್ದರು, ಹೊರಗಿನವನು ಯಾರೋ ಏನೋ. ಅವರು ಹೆದರಿದರು, ಅಷ್ಟೇ. ಆದರೆ ಮೈ ಕೊರೆಯುವ ಗಾಳಿಯಲ್ಲಿ ನಿಂತವನಿಗೆ ಕೆಟ್ಟವನ ಬಾಗಿಲೂ ಹೆದರಿದವನ ಬಾಗಿಲೂ ಒಂದೇ.

ಬೇರೆಯವರ ಮಾತೇಕೆ, ನನ್ನದೇ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿದ್ದೆ. ಕಾಫಿ ಕೊಯ್ಲಿನ ಕಾಲ, ಡಿಸೆಂಬರ್ ಚಳಿ. ರಾತ್ರಿ ಹತ್ತು ಗಂಟೆಯ ಮೇಲೆ ಯಾರೋ ಬಾಗಿಲು ತಟ್ಟಿದರು. ಕಿಟಕಿಯಿಂದ ನೋಡಿದರೆ ಗಂಡ, ಹೆಂಡತಿ, ಸೊಂಟದ ಮೇಲೊಂದು ಮಗು. ಭಾಷೆ ಹಿಂದಿಯಂತಿತ್ತು, ಯಾವುದೋ ತೋಟಕ್ಕೆ ಕೆಲಸಕ್ಕೆ ಬಂದವರು, ದಾರಿ ತಪ್ಪಿದ್ದರು. ನಾನು ಕಿಟಕಿಯಿಂದಲೇ ಬಸ್ ನಿಲ್ದಾಣದ ದಿಕ್ಕು ತೋರಿಸಿ ದೀಪ ಆರಿಸಿದೆ. ಅವರು ಲೂರ್ದು ಮಾತೆಯ ಗವಿಯ ಬಳಿ ಮಲಗಿದ್ದರಂತೆ. ಬೆಳಗಿನ ಜಾವ ಉಪದೇಶಿಯವರ ಹೆಂಡತಿ ಕಂಡು, ಮನೆಗೆ ಕರೆದು, ಕಾಫಿ ರೊಟ್ಟಿ ಕೊಟ್ಟು ಕಳುಹಿಸಿದರು. ಪೂಜೆಯಾದ ಮೇಲೆ ನನ್ನ ಹತ್ತಿರ ಬಂದು, "ಫಾದರ್, ನಿಮಗೆ ಗೊತ್ತಾಗಲಿಲ್ಲ ಅಂತ ಕಾಣುತ್ತೆ" ಎಂದರು. ಗೊತ್ತಾಗಿತ್ತು ಎಂದು ಹೇಳುವ ಧೈರ್ಯ ಅಂದು ನನಗಿರಲಿಲ್ಲ. ಗಂಡ, ಹೆಂಡತಿ, ಮಗು. ಬಲಿಪೀಠದ ಮುಂದೆ ಅದೇ ಮೂವರ ಗೋದಲಿಯನ್ನು ನಾನೇ ಕಟ್ಟಿಸುತ್ತಿದ್ದೆ!

ಬಫಲೋದಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿರಲಿಲ್ಲ. ಅದೇ ಶುಕ್ರವಾರ ನಯಾಗರ ನೋಡಲು ಹೊರಟಿದ್ದ ದಕ್ಷಿಣ ಕೊರಿಯಾದ ಪ್ರವಾಸಿಗರ ವ್ಯಾನ್ ಸಿಕ್ಕಿಬಿತ್ತು. ಹಿಮ ತೆಗೆಯಲು ಸಲಿಕೆ ಕೇಳಿಕೊಂಡು ಒಂದು ಮನೆಗೆ ಬಂದರು. ಆ ದಂಪತಿಗಳು ಸಲಿಕೆ ಕೊಟ್ಟು ಕಳುಹಿಸಲಿಲ್ಲ. ಚಾಲಕನೂ ಸೇರಿ ಹತ್ತು ಮಂದಿಯನ್ನು ಒಳಗೆ ಕರೆದರು. ಭಾನುವಾರದವರೆಗೂ ಉಳಿಸಿಕೊಂಡರು. ಅತಿಥಿಗಳೇ ಅಡುಗೆಮನೆ ಹೊಕ್ಕು ತಮ್ಮ ನಾಡಿನ ಅಡುಗೆ ಮಾಡಿ ಎಲ್ಲರಿಗೂ ಬಡಿಸಿದರು. ಮತ್ತೊಂದು ಕಡೆ, ಮೂರು ಮಕ್ಕಳ ತಾಯಿಯೊಬ್ಬಳಿಗೆ ಹೊರಗಿನಿಂದ ಕೂಗು ಕೇಳಿಸಿತು. 64 ವರ್ಷದ, ಬುದ್ಧಿ ಪೂರ್ಣವಾಗಿ ಬೆಳೆಯದ ಒಬ್ಬರು, ಕೈಗಳು ಮರಗಟ್ಟಿ ನರಳುತ್ತಿದ್ದರು. ಅವರನ್ನು ಮನೆಯೊಳಗೆ ಹೊತ್ತು ತಂದರು. ಆಕೆ ಕೂದಲು ಒಣಗಿಸುವ ಯಂತ್ರದಿಂದ ಅವರ ಕೈಯ ಹಿಮ ಕರಗಿಸಿದಳು. ತುರ್ತು ಸೇವೆ ಬರಲಿಲ್ಲ. ಫೇಸ್‌ಬುಕ್‌ನಲ್ಲಿ ಅಂಗಲಾಚಿದಳು, ಗುರುತಿಲ್ಲದವರು ಬಂದು ದಾರಿ ಬಿಡಿಸಿ ಆಸ್ಪತ್ರೆಗೆ ಸೇರಿಸಿದರು.

ಪ್ರಿಯರೇ, ಅಪರಾತ್ರಿಯಲ್ಲಿ ಒಬ್ಬಳೇ ಇರುವ ಅಜ್ಜಿ ಬಾಗಿಲು ತೆರೆಯಲೇಬೇಕೆಂದು ನಾನು ಹೇಳಲಾರೆ. ಎಚ್ಚರಿಕೆ ಪಾಪವಲ್ಲ. ಆದರೆ ಪಕ್ಕದ ಮನೆಯವರನ್ನು ಎಬ್ಬಿಸಬಹುದು, ಫೋನ್ ಮಾಡಬಹುದು, ಕಿಟಕಿಯಿಂದ ಒಂದು ಕಂಬಳಿಯನ್ನಾದರೂ ಕೊಡಬಹುದು. ದೀಪ ಆರಿಸಿ ಮಲಗುವುದಕ್ಕೂ ಬಾಗಿಲು ತೆರೆಯುವುದಕ್ಕೂ ನಡುವೆ ಎಷ್ಟೋ ದಾರಿಗಳಿವೆ. ನಾನು ಆ ರಾತ್ರಿ ಒಂದನ್ನೂ ಹುಡುಕಲಿಲ್ಲ.

ಸಂತ ಲೂಕರ ಗ್ರೀಕ್ ಮೂಲದಲ್ಲಿ ಒಂದು ವಿಶೇಷವಿದೆ. ಇಂದಿನ ಪಾಠದ 'ಛತ್ರ'ಕ್ಕೆ ಅವರು ಬಳಸಿದ ಪದಕ್ಕೆ ಅತಿಥಿಗಳ ಕೋಣೆ ಎಂಬ ಅರ್ಥವೂ ಉಂಟು. ಕಡೆಯ ಭೋಜನದ ಕೋಣೆಗೂ ಅವರು ಅದೇ ಪದ ಬಳಸುತ್ತಾರೆ. ದಯಾಳು ಸಮಾರಿಯದವನು ಗಾಯಾಳುವನ್ನು ಕರೆದೊಯ್ದ ಛತ್ರಕ್ಕೆ ಮಾತ್ರ ಬೇರೆ ಪದ. ಅದರ ಅರ್ಥ, 'ಎಲ್ಲರನ್ನೂ ಬರಮಾಡಿಕೊಳ್ಳುವ ಮನೆ'. ತಾನು ಹುಟ್ಟಿದಾಗ ಸ್ಥಳ ಸಿಗದ ಪ್ರಭುವೇ ಬೆಳೆದು ದೊಡ್ಡವನಾಗಿ ಅಂಥದೊಂದು ಮನೆಯ ಕಥೆ ಹೇಳಿದರು.

ಮೆಕ್ಯಾನಿಕ್‌ನ ಕಥೆ ಉಳಿಯಿತು. ಆ ರಾತ್ರಿ ಅವನು ಟ್ರಕ್ಕಿನಲ್ಲೇ ಕಳೆದ, ಇಬ್ಬರು ಅಪರಿಚಿತರಿಗೂ ಅದರಲ್ಲಿ ಜಾಗ ಕೊಟ್ಟು. ಬೆಳಿಗ್ಗೆ ಇಂಧನ ಮುಗಿಯುತ್ತ ಬಂತು. ಹತ್ತಿರದಲ್ಲೊಂದು ಶಾಲೆ ಇತ್ತು. ಕಿಟಕಿಯ ಗಾಜು ಒಡೆದು ಒಳಹೊಕ್ಕು ಬಾಗಿಲು ತೆರೆದ. ತಾನು ಬದುಕಿದರೆ ಸಾಕೆಂದು ಒಳಗೇ ಕೂರಲಿಲ್ಲ. ಮತ್ತೆ ಬಿರುಗಾಳಿಗೆ ಇಳಿದು, ಸಿಕ್ಕಿಬಿದ್ದ ಕಾರುಗಳ ಹತ್ತಿರ ಹೋಗಿ ಒಬ್ಬೊಬ್ಬರನ್ನೇ ಕರೆತಂದ. ವಯಸ್ಸಾದವರು ಏಳು ಮಂದಿ ಸೇರಿ 24 ಜನ, ಜೊತೆಗೆ ಅವರ ನಾಯಿಗಳೂ ಅಲ್ಲಿ ಬದುಕಿಕೊಂಡರು. ಹೊರಡುವಾಗ ಅವನು ಒಂದು ಚೀಟಿ ಬರೆದಿಟ್ಟ. ಕಿಟಕಿ ಒಡೆದದ್ದಕ್ಕೆ, ಅಡುಗೆಮನೆಗೆ ನುಗ್ಗಿದ್ದಕ್ಕೆ ಕ್ಷಮೆ ಕೇಳಿದ್ದ. ಕೊನೆಯಲ್ಲಿ ಕ್ರಿಸ್ತಜಯಂತಿಯ ಶುಭಾಶಯ ಬರೆದು ಹೆಸರು ಹಾಕಿದ್ದ. ಪೊಲೀಸರು ಆ ಹೆಸರು ಹಿಡಿದು ಅವನನ್ನು ಹುಡುಕಿದರು, ಧನ್ಯವಾದ ಹೇಳುವುದಕ್ಕೆ.