ಬಿಡುವಿಲ್ಲದ ಸದಸ್ಯನಿಗೂ ಸುದ್ದಿ ಮುಟ್ಟಬೇಕು

(ರಜತ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಹಕಾರ ಸಂಘದ ಸಭೆಯಲ್ಲಿ ಕಂಪ್ಯೂಟರಿನ ಮಾತು ಯಾಕೆ ಅಂತ ತಮಗೆ ಅನಿಸಬಹುದು. ಕಾರಣವಿದೆ. ಡೆಬಿಯನ್ ಎಂಬ ತಂತ್ರಾಂಶವನ್ನು 1993ರಿಂದ ಕಟ್ಟುತ್ತಾ ಬಂದಿರುವವರು ಸ್ವಯಂಸೇವಕರು. ಅದಕ್ಕೆ ಒಬ್ಬ ಮಾಲೀಕನೆಂಬುವನಿಲ್ಲ. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಮತದ ಹಕ್ಕುಳ್ಳ ಸದಸ್ಯರು ಸುಮಾರು ಒಂದು ಸಾವಿರ. ಹತ್ತಾರು ದೇಶಗಳಲ್ಲಿ ಇದ್ದಾರೆ. ಬಹಳಷ್ಟು ಜನಕ್ಕೆ ಹೊಟ್ಟೆಪಾಡಿನ ಕೆಲಸ ಬೇರೆ. ಇದಕ್ಕೆ ಸಿಗೋದು ರಾತ್ರಿ ಊಟವಾದ ಮೇಲಿನ ಒಂದು ಗಂಟೆ, ಇಲ್ಲವೇ ಭಾನುವಾರ.

ಇವರ ಚರ್ಚೆ ನಡೆಯುವುದು ಹೆಚ್ಚಾಗಿ ಇ-ಮೇಲಿನಲ್ಲಿ. ಮಾತಿಗೆ ಬಿಸಿ ಏರಿದರೆ ನೂರಾರು ಪತ್ರಗಳು. ಕಂಪ್ಯೂಟರು ಚಾಲೂ ಆದಾಗ ಉಳಿದೆಲ್ಲವನ್ನೂ ಎಬ್ಬಿಸುವ ತಂತ್ರಾಂಶ ಯಾವುದಿರಬೇಕು ಎಂದು 2014ರಲ್ಲಿ ದೊಡ್ಡ ಜಗಳವೇ ಆಯಿತು. ಕೆಲವರು ಬೇಸತ್ತು ಹೊಣೆ ಬಿಟ್ಟರು. ನವೆಂಬರಿನಲ್ಲಿ ಮತಕ್ಕೆ ಹಾಕಿದಾಗ ಗೆದ್ದದ್ದು ಯಾವುದು ಗೊತ್ತೇ? ಇದಕ್ಕೆ ಠರಾವೇ ಬೇಕಿಲ್ಲ ಎಂಬ ಆಯ್ಕೆ! ಅಷ್ಟೂ ಪತ್ರಗಳನ್ನು ದಿನಕ್ಕೊಂದು ಗಂಟೆ ಬಿಡುವಿರುವವನು ಓದಲಾದೀತೇ? ಓದದೆ ಬಿಟ್ಟರೆ, ದಿನವಿಡೀ ಕೂತು ಬರೆಯಬಲ್ಲವನ ಮಾತೇ ಊರಿನ ಮಾತಾಗಿಬಿಡುತ್ತೆ. ಬಿಡುವಿಲ್ಲದವನು ಜಗಳವಾಡದೆ, ಹೇಳದೆ ಕೇಳದೆ ದೂರವಾಗುತ್ತಾನೆ. ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣೋದಿಲ್ಲ.

ಅದಕ್ಕೇ ಡೆಬಿಯನ್ನಿನವರು ಚರ್ಚೆಯ ಕಟ್ಟೆ ಬೇರೆ, ಪ್ರಕಟಣೆಯ ಹಲಗೆ ಬೇರೆ ಮಾಡಿಕೊಂಡಿದ್ದಾರೆ. ಪ್ರಕಟಣೆಗೆಂದೇ ಇರುವ ಇ-ಮೇಲ್ ಪಟ್ಟಿಯಲ್ಲಿ ವಾದಕ್ಕೆ ಜಾಗವಿಲ್ಲ. ಉಳಿದದ್ದನ್ನು ಬಿಟ್ಟರೂ ಸದಸ್ಯರು ಇದೊಂದನ್ನು ನೋಡುತ್ತಿರಬೇಕು. ಮತದಾನಕ್ಕೆ ಸಾಮಾನ್ಯವಾಗಿ ಎರಡು ವಾರ ಕಾಲಾವಕಾಶ.

1999ರಲ್ಲಿ ಸ್ಥಾಪನೆಯಾದ ಅಪಾಚೆ ಪ್ರತಿಷ್ಠಾನದವರು ಇನ್ನೂ ಬಿಗಿ. ಇಬ್ಬರು ಒಂದೇ ಆಫೀಸಿನಲ್ಲಿ ಚಹಾ ಕುಡೀತಾ ಏನನ್ನೇ ಒಪ್ಪಿಕೊಳ್ಳಲಿ, ಎಲ್ಲರ ಪಟ್ಟಿಗೆ ಬರಹದಲ್ಲಿ ಬರುವ ತನಕ ಅದು ತೀರ್ಮಾನವಲ್ಲ. ಮತಕ್ಕಿಟ್ಟರೆ ಕನಿಷ್ಠ 72 ಗಂಟೆ ಕಾಯುವುದು ಪದ್ಧತಿ. ಇಲ್ಲಿ ಹಗಲಾದರೆ ಅಮೆರಿಕದಲ್ಲಿ ರಾತ್ರಿ. ಸಂಬಳದ ಕೆಲಸ ಮುಗಿಸಿ ಬರುವವನಿಗೂ ಒಂದು ಅವಕಾಶ ಬೇಕಲ್ಲ. ಅವಸರದವರಿಗೆ ಇದು ಮೈಗಳ್ಳತನ ಅನಿಸಬಹುದು, ನನಗೆ ನ್ಯಾಯ ಅನಿಸುತ್ತೆ.

ಆದರೂ ಯಾರಾದರೊಬ್ಬರು ಎಲ್ಲವನ್ನೂ ಓದಿ ಸಾರ ತೆಗೆಯಬೇಕು. ಡೆಬಿಯನ್ನಿನ ವಾರದ ಸುದ್ದಿಪತ್ರ 1999ರಲ್ಲಿ ಶುರುವಾಗಿ 2007ರಲ್ಲಿ ನಿಂತಿತು. 2008ರಲ್ಲಿ ಬೇರೆ ಹೆಸರಿನಿಂದ ಮತ್ತೆ ಹೊರಟಿತು. ಲಿನಕ್ಸ್ ತಿರುಳಿನ ಚರ್ಚೆಗಳ ಸಾರವನ್ನು ಝಾಕ್ ಬ್ರೌನ್ ಎಂಬುವರು 1999ರಿಂದ ಬರೆದುಕೊಟ್ಟರು. 2005ರಲ್ಲಿ ಅದೂ ನಿಂತಿತು. ಪ್ರೋಗ್ರಾಂ ಬರೆದವರಿಗೆ ಚಪ್ಪಾಳೆ ಸಿಗುತ್ತೆ, ಸುದ್ದಿ ಬರೆದವರನ್ನು ಕೇಳೋರು ಕಡಿಮೆ.

ಆಡಳಿತ ಮಂಡಳಿಯ ತೀರ್ಮಾನಗಳನ್ನು ತಿಂಗಳಿಗೊಮ್ಮೆ ಒಂದೇ ಹಾಳೆಯಲ್ಲಿ ಬರೆದು ಸಂಘದ ಬಾಗಿಲಿಗೂ ಹಾಲಿನ ಡೈರಿಯ ಗೋಡೆಗೂ ಅಂಟಿಸುವ ವಿಷಯವನ್ನು ಮುಂದಿನ ಮಹಾಸಭೆಗೆ ತರಬೇಕೆಂದು ಕಾರ್ಯದರ್ಶಿಗಳಲ್ಲಿ ಕೇಳಿಕೊಂಡಿದ್ದೇನೆ. ಬರೆಯೋದಕ್ಕೆ ಇಬ್ಬರನ್ನು ನೇಮಿಸಿ, ಒಬ್ಬರು ಸಾಲದು.