ಮೆಣಸೆಂಬ ಹೆಸರು, ಕಾಡೆಂಬ ತವರು

(ಉಪನ್ಯಾಸದ ಬರಹರೂಪ)



ಇಂದು ‘ಮೆಣಸು’ ಎಂದರೆ ಅನೇಕರ ಕಣ್ಮುಂದೆ ಕೆಂಪು ಮೆಣಸಿನಕಾಯಿ ಬರುತ್ತದೆ. ಆದರೆ ಆ ಹೆಸರು ಮೊದಲು ನಮ್ಮ ಕಾಡಿನ ಬಳ್ಳಿಯದು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗುಗಳು ಬಂದ ಮೇಲೆ ಇಲ್ಲಿಗೆ ತಲುಪಿತು. ಮೂರನೆಯ ಮಂಗರಸನು 16ನೇ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಬರೆದಾಗ ಅಡುಗೆಯ ಖಾರವೆಂದರೆ ಕಾಳಿನ ಖಾರವೇ. ಖಾರದ ಹೋಲಿಕೆಯಿಂದ ಹೊಸಬನಿಗೂ ಮೆಣಸಿನ ಹೆಸರು ಅಂಟಿತು. ಮನೆಯೊಡೆಯನಾದರೋ ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ತನ್ನ ಗುರುತು ಹೇಳಿಕೊಳ್ಳಬೇಕಾಯಿತು. ಇಂಗ್ಲಿಷಿನ ‘ಪೆಪ್ಪರ್’ ಸಹ ಎರವಲು ಹೆಸರೇ. ಅದರ ಮೂಲ ಸಂಸ್ಕೃತದ ‘ಪಿಪ್ಪಲಿ’, ಅಂದರೆ ನಮ್ಮ ಹಿಪ್ಪಲಿ. ಕಾಳುಮೆಣಸಿಗೆ ಸಂಸ್ಕೃತದಲ್ಲಿ ‘ಮರಿಚ’ವೆಂದು ಹೆಸರು.

ಮೆಣಸಿನ ಖಾರಕ್ಕೆ ಕಾರಣ ಪೈಪರಿನ್. ಪರಿಮಳಕ್ಕೆ ಕಾರಣ ಬೇಗ ಆರಿಹೋಗುವ ತೈಲ. ಆದ್ದರಿಂದಲೇ ಮೆಣಸಿನ ಸಾರಿಗೆ ಕಾಳನ್ನು ಆಗಲೇ ಕುಟ್ಟಿ, ಇಳಿಸುವ ಮುನ್ನ ಹಾಕುವ ನಮ್ಮ ಹೆಂಗಸರ ಕ್ರಮ ಶಾಸ್ತ್ರಸಮ್ಮತ. ಕೊಡಗಿನ ಪಂದಿಕರಿಯಲ್ಲಿ ಹುರಿದ ಮೆಣಸು ಬಣ್ಣವನ್ನೂ ಕೊಡುತ್ತದೆ. ಬಲಿತ ಹಸಿರು ಕಾಳನ್ನು ಒಣಗಿಸಿದರೆ ಕರಿಮೆಣಸು. ಹಣ್ಣನ್ನು ನೆನೆಸಿ ಸಿಪ್ಪೆ ತೆಗೆದರೆ ಬಿಳಿಮೆಣಸು. ಬಳ್ಳಿ ಒಂದೇ.

ಈ ಬಳ್ಳಿಯ ತವರು ಪಶ್ಚಿಮಘಟ್ಟ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದದ್ದು ನಿಮಗೆ ತಿಳಿದದ್ದೇ. ನಾನು ಹೇಳಬೇಕಾದದ್ದು ರಾಣಿಯ ವಿಷಯವಲ್ಲ, ಗೊಡ್ಡು ಬಳ್ಳಿಯ ವಿಷಯ.

ತೋಟದ ತಳಿಗಳ ಒಂದೇ ಹೂಗೊಂಚಲಿನಲ್ಲಿ ಗಂಡು-ಹೆಣ್ಣು ಎರಡೂ ಇರುವುದು ಸಾಮಾನ್ಯ. ಕಾಡುಮೆಣಸಿನಲ್ಲಿ ಹೆಚ್ಚಾಗಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಗಂಡು ಬಳ್ಳಿ ಎಷ್ಟು ವರ್ಷ ಕಾದರೂ ಕಾಳು ಕಟ್ಟದು. ಸೊಪ್ಪಿನ ಬೆಟ್ಟದಲ್ಲಿ ಕತ್ತಿ ಮೊದಲು ಬೀಳುವುದು ಅದರ ಬುಡಕ್ಕೆ. ಅದು ಹೋದರೆ ಪಕ್ಕದ ಹೆಣ್ಣು ಬಳ್ಳಿಯ ಕಾಳೂ ಹೋಗುತ್ತದೆ. ಕಾಳಿಲ್ಲದಿದ್ದರೆ ಹಕ್ಕಿ ಬೀಜ ಬಿತ್ತದು. ತೋಟದಲ್ಲಿ ನಾವು ನೆಡುವುದು ಕುಡಿ. ಒಂದೇ ಬಳ್ಳಿಯ ಕುಡಿಗಳೆಲ್ಲ ಗುಣದಲ್ಲಿ ಒಂದೇ. ಸೊರಗು ರೋಗಕ್ಕೆ ಒಂದು ಸೋತರೆ ಸಾಲೇ ಸೋಲುತ್ತದೆ. ಹೊಸ ಗುಣಗಳು ಹುಟ್ಟುವುದು ಬೀಜದಲ್ಲಿ.

ಹೆಸರಾಂತ ಪನ್ನಿಯೂರು-1 ತಳಿಯನ್ನೇ ನೋಡಿ. ಅದರ ತಾಯಿ ಉತಿರನ್‌ಕೊಟ್ಟ, ಹೆಣ್ಣು ಹೂಗಳೇ ಹೆಚ್ಚಾಗಿದ್ದು ತಾನಾಗಿ ಹೆಚ್ಚು ಫಸಲು ಕೊಡದ ನಾಟಿ ಬಳ್ಳಿ. ಅದನ್ನು ಯಾರಾದರೂ ನಿಷ್ಪ್ರಯೋಜಕವೆಂದು ಕಡಿದಿದ್ದರೆ? ನಮ್ಮ ಸೀಮೆಯ ಮಲ್ಲಿಗೆಸರ, ಉದ್ದಗೆರೆ ತಳಿಗಳೂ ಹಿರಿಯರು ಬಳ್ಳಿ ನೋಡಿ ಆಯ್ದು ಉಳಿಸಿದವು.

ವಿದ್ಯಾರ್ಥಿಗಳು ಮುಂಗಾರು ಹಿಡಿದ ಮೇಲೆ, ಹೂಗೊಂಚಲು ಇಳಿಬಿದ್ದಾಗ, ನಿಮ್ಮೂರಿನ ಬೆಟ್ಟಕ್ಕೆ ಹೋಗಿ. ಮಸೂರ ಹಿಡಿದರೆ ಗಂಡು-ಹೆಣ್ಣು ತಿಳಿಯುತ್ತದೆ. ಯಾವ ಮರದ ಮೇಲೆ ಯಾವ ಬಳ್ಳಿಯೆಂದು ಬರೆದಿಡಿ. ಸೊಪ್ಪು ಕಡಿಯುವವರಿಗೆ ಆ ಮರಗಳನ್ನು ಮೊದಲೇ ತೋರಿಸಿ.